ಕಡಲಿಗೆ ಬಿಟ್ಟ ಬಿತ್ತನೆ
(ಬಾನುಲಿ ಭಾಷಣ)

ಮಲೆನಾಡಿನ ಹಳ್ಳಿಗಳಲ್ಲಿ ಬೆಳಗ್ಗೆ ಕೊಟ್ಟಿಗೆಯಿಂದ ಹೊರಬಿಟ್ಟ ದನ ದಿನವಿಡೀ ಗುಡ್ಡದಲ್ಲಿ ಮೇಯ್ದು, ಕಾಯುವವರು ಇಲ್ಲದಿದ್ದರೂ ಸಂಜೆಗೆ ತನ್ನ ಕೊಟ್ಟಿಗೆಯನ್ನೇ ಹುಡುಕಿಕೊಂಡು ಬರುತ್ತದೆ. ಮೇವು ಗುಡ್ಡದ್ದು, ಹಾಲು ಮನೆಯದು. ಇಂತಹ ಏರ್ಪಾಡನ್ನು ಮೀನಿನ ವಿಷಯದಲ್ಲಿಯೂ ಮಾಡಿಕೊಳ್ಳಬಹುದೆಂದು ಯಾರಾದರೂ ಹೇಳಿದರೆ ನಾವು ನಕ್ಕುಬಿಡುತ್ತೇವೆ. ಸಮುದ್ರಕ್ಕೆ ಬಿಟ್ಟ ಮೀನು ಮರಳಿ ಬಂದದ್ದುಂಟೆ? ಆದರೆ ಉತ್ತರ ಪೆಸಿಫಿಕ್ ಸಾಗರದ ಎರಡು ದಡಗಳಲ್ಲಿಯೂ, ಜಪಾನಿನಲ್ಲಿ ಹಾಗೂ ಅಮೆರಿಕದಲ್ಲಿ, ನೂರು ವರ್ಷಕ್ಕೂ ಮೀರಿದ ಕಾಲದಿಂದ ಇದು ನಡೆದುಬಂದಿದೆ. ಬೆರಳಿಗಿಂತ ಸಣ್ಣ ಮರಿಗಳನ್ನು ಕೋಟಿಗಟ್ಟಲೆ ಕಡಲಿಗೆ ಬಿಡುತ್ತಾರೆ. ಅವುಗಳಲ್ಲಿ ಉಳಿದವು ನೂರಾರು, ಸಾವಿರಾರು ಮೈಲಿ ಅಲೆದು, ಕಿಲೋಗಟ್ಟಲೆ ತೂಗುವ ಮೀನುಗಳಾಗಿ, ಬಿಟ್ಟ ಕೊಲ್ಲಿಗೇ ಮರಳುತ್ತವೆ. ಆ ಮೀನು ಸಾಲ್ಮನ್. ಅದರ ಮರಿ ಮಾಡಿ ಬಿಡುವ ಸ್ಥಳ ಹ್ಯಾಚರಿ. ಈ ಹ್ಯಾಚರಿಯಿಂದ ಮೀನುಗಾರಿಕೆಯ ಕಸುಬಿಗೆ ಆಗಿರುವ ಲಾಭವೇನು, ಆ ಲಾಭಕ್ಕಾಗಿ ಏನನ್ನು ತೆರಬೇಕಾಗಿದೆ ಎಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕನ್ನಡದ ಮೇಷ್ಟರಿಗೂ ಮೀನಿಗೂ ಏನು ನಂಟು ಎಂದು ಕೇಳುಗರು ಕೇಳಬಹುದು. ನನ್ನ ಮಗಳ ಸಂಸಾರ ಅಮೆರಿಕದ ಸಿಯಾಟಲ್ ನಗರದ ಹತ್ತಿರ ಇದೆ. ಅಲ್ಲಿಗೆ ಹೋದಾಗ ಇಸಕ್ವಾ ಎಂಬ ಊರಿನ ಹ್ಯಾಚರಿಯನ್ನು ನೋಡಿಬಂದೆ. ಊರ ನಡುವೆಯೇ ಹಳ್ಳ, ಹಳ್ಳದ ದಂಡೆಯಲ್ಲಿ 1930ರ ದಶಕದ ಹ್ಯಾಚರಿ. ನೋಡಿಬಂದ ಮೇಲೆ ಓದುವ ಚಟ ನನ್ನನ್ನು ಬಿಡಲಿಲ್ಲ. ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು: ಮುಂಬಯಿ ಮಾರುಕಟ್ಟೆಯಲ್ಲಿ ‘ಇಂಡಿಯನ್ ಸಾಲ್ಮನ್’ ಎಂದು ಮಾರುವ ರಾವಸ ಮೀನಿಗೂ ಈ ಸಾಲ್ಮನ್‌ಗೂ ಬಳಗದ ಸಂಬಂಧವಿಲ್ಲ. ಅದು ವ್ಯಾಪಾರಿಗಳು ಕೊಟ್ಟ ಬಿರುದು.

ಸಾಲ್ಮನ್ ಮೀನಿನ ಬಾಳುವೆ ವಿಚಿತ್ರವಾದುದು. ಅದು ಹುಟ್ಟುವುದು ಹೊಳೆಯ ಸಿಹಿನೀರಿನಲ್ಲಿ, ಬೆಳೆಯುವುದು ಕಡಲಿನ ಉಪ್ಪುನೀರಿನಲ್ಲಿ, ಸಾಯುವುದು ಮತ್ತೆ ಹುಟ್ಟಿದ ಹೊಳೆಯಲ್ಲಿ. ಮಳೆಗಾಲ ಮುಗಿದು ಚಳಿ ಹತ್ತುವ ದಿನಗಳಲ್ಲಿ ಹೆಣ್ಣುಮೀನು ಹರಿವ ಹೊಳೆಯ ತಳದ ಹರಳುಗಲ್ಲುಗಳನ್ನು ಬಾಲದಿಂದ ಕೆದಕಿ ಗುಳಿ ಮಾಡುತ್ತದೆ. ಮೊಟ್ಟೆಯಿಟ್ಟು, ಗಂಡು ಅದರ ಮೇಲೆ ವೀರ್ಯವನ್ನು ಚೆಲ್ಲಿದ ಮೇಲೆ, ಮತ್ತೆ ಹರಳು ಮುಚ್ಚುತ್ತದೆ. ಪೆಸಿಫಿಕ್ ಜಾತಿಯ ಸಾಲ್ಮನ್‌ಗಳಿಗೆ ಅದೇ ಕೊನೆಯ ಕೆಲಸ. ಕೆಲವು ದಿನಗಳೊಳಗೆ ತಂದೆ ತಾಯಿ ಎರಡೂ ಸಾಯುತ್ತವೆ. ಮರಿಗಳು ಹೊಟ್ಟೆಗೆ ಅಂಟಿದ ಹಳದಿಯ ಚೀಲವನ್ನೇ ಬುತ್ತಿಯಾಗಿ ಮಾಡಿಕೊಂಡು ಚಳಿಗಾಲವನ್ನೆಲ್ಲ ಹರಳಿನೊಳಗೇ ಕಳೆದು, ವಸಂತದಲ್ಲಿ ಮೇಲೇಳುತ್ತವೆ. ಗುಲಾಬಿ ಸಾಲ್ಮನ್ ಎಂಬ ಸಣ್ಣ ಜಾತಿಯವು ಕೂಡಲೇ ಕಡಲಿಗೆ ಇಳಿಯುತ್ತವೆ. ಚಿನೂಕ್ ಎಂಬ ದೊಡ್ಡ ಜಾತಿಯವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಕಾಲ ಹೊಳೆಯಲ್ಲಿಯೇ ಉಳಿಯುತ್ತವೆ. ಹುಟ್ಟಿದ ನೀರಿನ ವಾಸನೆಯೇ ಮರಳುವಾಗ ಅವಕ್ಕೆ ದಾರಿ ತೋರುತ್ತದೆ ಎಂದು 1950ರ ದಶಕದಲ್ಲಿ ಆರ್ಥರ್ ಹಾಸ್ಲರ್ ಎಂಬ ವಿಜ್ಞಾನಿ ವಾದಿಸಿದನು. ಮುಂದಿನ ಪ್ರಯೋಗಗಳು ಅದನ್ನು ಸಮರ್ಥಿಸಿದವು. ಹ್ಯಾಚರಿಯ ಕಲ್ಪನೆಯೆಲ್ಲ ನಿಂತಿರುವುದು ಈ ಒಂದು ಗುಣದ ಮೇಲೆ. ಯಾವ ನೀರಿನಲ್ಲಿ ಮರಿಯನ್ನು ಬೆಳೆಸಿದೆವೋ ಆ ನೀರೇ ಅದಕ್ಕೆ ತವರು.

ಇಸಕ್ವಾದಲ್ಲಿ ಹಳ್ಳವನ್ನು ಏರಿ ಬರುವ ಮೀನುಗಳಿಗೆ ಸಿಮೆಂಟಿನ ಮೆಟ್ಟಿಲುಗಳನ್ನು ಕಟ್ಟಿದ್ದಾರೆ. ಪಕ್ಕದಲ್ಲಿ ಗಾಜಿನ ಕಿಟಕಿಗಳಿವೆ. ಮಕ್ಕಳು ಮೂಗನ್ನು ಒತ್ತಿಕೊಂಡು ನಿಂತಿರುತ್ತಾರೆ. ಮೆಟ್ಟಿಲ ತುದಿಯ ತೊಟ್ಟಿಯಲ್ಲಿ ಮೀನು ಸಿಕ್ಕಿಬೀಳುತ್ತದೆ. ಮುಂದಿನ ಕೆಲಸ ನೋಡಲು ಹಿತವಾದುದಲ್ಲ. ಮೀನನ್ನು ಕೊಂದು, ಹೆಣ್ಣಿನ ಹೊಟ್ಟೆಯನ್ನು ಸೀಳಿ ಕಿತ್ತಳೆಬಣ್ಣದ ಮೊಟ್ಟೆಗಳನ್ನು ಬಕೆಟ್ಟಿಗೆ ಸುರಿದುಕೊಳ್ಳುತ್ತಾರೆ. ಗಂಡಿನ ವೀರ್ಯವನ್ನು ಅದಕ್ಕೆ ಹಿಂಡಿ ಕಲಸುತ್ತಾರೆ. ಹೇಗೂ ಸಾಯುವ ಮೀನು ಎಂಬ ಸಮಾಧಾನವಿದೆ. ಮೊಟ್ಟೆಗಳು ತಣ್ಣನೆಯ ನೀರು ಸದಾ ಹರಿಯುವ ತಟ್ಟೆಗಳಲ್ಲಿ ಕತ್ತಲೆಯಲ್ಲಿ ಚಳಿಗಾಲವನ್ನು ಕಳೆಯುತ್ತವೆ. ನೆರೆ ಬಂದು ಹರಳು ಕೊಚ್ಚಿಹೋಗುವ ಭಯವಿಲ್ಲ, ಹಿಮಗಟ್ಟುವ ಭಯವಿಲ್ಲ, ಮೊಟ್ಟೆ ತಿನ್ನುವ ಹಕ್ಕಿ, ಮೀನುಗಳ ಕಾಟವಿಲ್ಲ.

ಇದರಿಂದ ಆಗುವ ವ್ಯತ್ಯಾಸವನ್ನು ಒಂದು ಮನೆಲೆಕ್ಕದಲ್ಲಿ ಹೇಳುತ್ತೇನೆ. ಗುಲಾಬಿ ಸಾಲ್ಮನ್ ಹೆಣ್ಣು ಸುಮಾರು ಒಂದೂವರೆ ಸಾವಿರ ಮೊಟ್ಟೆಯಿಡುತ್ತದೆ. ಹೊಳೆಯಲ್ಲಿ ನೂರಕ್ಕೆ ಹತ್ತು ಮಾತ್ರ ಮರಿಯಾಗಿ ಕಡಲಿಗಿಳಿದವೆಂದು ಇಟ್ಟುಕೊಳ್ಳಿ, ನೂರೈವತ್ತು ಮರಿ. ಕಡಲಿನಲ್ಲಿ ನೂರಕ್ಕೆ ಮೂರು ಉಳಿದರೆ ಮರಳುವುದು ನಾಲ್ಕೈದು. ಹ್ಯಾಚರಿಯಲ್ಲಾದರೋ ನೂರಕ್ಕೆ ತೊಂಬತ್ತು ಮರಿಯಾಗುತ್ತವೆ; ಒಂದು ಸಾವಿರದ ಮುನ್ನೂರೈವತ್ತು. ಕಡಲಿನ ಸಾವು ಅದೇ ಪ್ರಮಾಣದಲ್ಲಿಯೇ ಇದ್ದರೂ ಮರಳುವುದು ನಲವತ್ತು. ಹೊಳೆಯ ನಾಲ್ಕರಲ್ಲಿ ಮುಂದಿನ ಸಂತಾನಕ್ಕೆಂದು ಎರಡನ್ನು ಬಿಟ್ಟರೆ ಬೆಸ್ತರಿಗೆ ಉಳಿಯುವುದು ಎರಡು. ಹ್ಯಾಚರಿಯ ನಲವತ್ತರಲ್ಲಿ ಎರಡನ್ನು ಬಿಟ್ಟರೂ ಮೂವತ್ತೆಂಟು ಬಲೆಗೆ ಸಿಗಬಹುದು. ಹ್ಯಾಚರಿಯ ಬೆಲೆ ಇರುವುದು ಇಲ್ಲಿ. ಅದರ ಅಪಾಯವೂ ಇರುವುದು ಇಲ್ಲಿಯೇ. ಅದಕ್ಕೆ ಆಮೇಲೆ ಬರುತ್ತೇನೆ.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಈ ಕೆಲಸವನ್ನು ಆರಂಭಿಸಿದವನು ಲಿವಿಂಗ್‌ಸ್ಟನ್ ಸ್ಟೋನ್, ಮೊದಲು ಪಾದ್ರಿಯಾಗಿದ್ದವನು. ಸರ್ಕಾರದ ಮೀನು ಆಯೋಗ ಸ್ಥಾಪನೆಯಾದ ಮರುವರ್ಷ, 1872ರಲ್ಲಿ, ಕ್ಯಾಲಿಫೋರ್ನಿಯದ ಮೆಕ್‌ಕ್ಲೌಡ್ ನದಿಯ ದಂಡೆಯಲ್ಲಿ, ವಿಂಟು ಎಂಬ ಮೂಲನಿವಾಸಿಗಳ ನಾಡಿನಲ್ಲಿ ಅವನು ಹ್ಯಾಚರಿ ಕಟ್ಟಿದನು. ಉದ್ದೇಶ ಸ್ಥಳೀಯ ಬೆಸ್ತರ ಹಿತವಲ್ಲ. ಕಾರ್ಖಾನೆ, ಅಣೆಕಟ್ಟುಗಳಿಂದ ಸಾಲ್ಮನ್ ನಶಿಸುತ್ತಿದ್ದ ಪೂರ್ವ ತೀರದ ಹೊಳೆಗಳಿಗೆ ಇಲ್ಲಿಯ ಮೊಟ್ಟೆಗಳನ್ನು ರೈಲಿನಲ್ಲಿ ಸಾಗಿಸುವುದು. ಆ ಸಾಹಸ ಫಲಿಸಲಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದೇ ಕೇಂದ್ರದಿಂದ ನ್ಯೂಜಿಲೆಂಡಿಗೆ ಹೋದ ಮೊಟ್ಟೆಗಳು ಅಲ್ಲಿ ನೆಲೆಯೂರಿದವು. ಜಪಾನಿನ ಹೊಕ್ಕೈಡೊದಲ್ಲಿ ಚಿಟೋಸೆ ಹ್ಯಾಚರಿ ತೆರೆದುದು 1888ರಲ್ಲಿ.

ಹ್ಯಾಚರಿಗೆ ದೊಡ್ಡ ಬೇಡಿಕೆ ಬಂದದ್ದು ಕೊಲಂಬಿಯ ನದಿಯಲ್ಲಿ. ಅಲ್ಲಿ 1866ರಲ್ಲಿ ಸಾಲ್ಮನ್ ಮೀನನ್ನು ತಗಡಿನ ಡಬ್ಬಿಗೆ ತುಂಬುವ ಮೊದಲ ಕಾರ್ಖಾನೆ ಆರಂಭವಾಯಿತು. ಡಬ್ಬಿ ಬಂದ ಮೇಲೆ ಮೀನಿಗೆ ಊರಿನ ಹಸಿವೆಯ ಮಿತಿ ಇಲ್ಲವಾಯಿತು. ಲಂಡನ್ನಿನ ಕೂಲಿಕಾರನ ತಟ್ಟೆಯೂ ಗಿರಾಕಿಯಾಯಿತು. 1883ರ ಹೊತ್ತಿಗೆ ಚಿನೂಕ್ ಹಿಡಿತ ತುತ್ತತುದಿ ಮುಟ್ಟಿತು, ಆಮೇಲೆ ಇಳಿಯತೊಡಗಿತು. ಬಲೆಯನ್ನು ಕಡಿಮೆ ಮಾಡಿರೆಂದು ಹೇಳಲು ಯಾವ ಸರ್ಕಾರಕ್ಕೂ ಧೈರ್ಯವಿರಲಿಲ್ಲ. ಹ್ಯಾಚರಿ ಕಟ್ಟಿದರೆ ಯಾರನ್ನೂ ಮುನಿಸಬೇಕಾಗಿಲ್ಲ. ಬಳಿಕ ಅಣೆಕಟ್ಟುಗಳ ಕಾಲ ಬಂತು: 1938ರಲ್ಲಿ ಬಾನವಿಲ್, 1942ರಲ್ಲಿ ಗ್ರ್ಯಾಂಡ್ ಕೂಲಿ. ಎರಡನೆಯದರಲ್ಲಿ ಮೀನು ಹತ್ತುವ ಮೆಟ್ಟಿಲೇ ಇಲ್ಲ. ನೂರಾರು ಮೈಲಿ ಉದ್ದದ ಮೇಲ್ಹೊಳೆ ಸಾಲ್ಮನ್‌ಗೆ ಎಂದೆಂದಿಗೂ ಮುಚ್ಚಿಹೋಯಿತು. ಮೀನಿನಿಂದಲೇ ಬದುಕಿದ್ದ ಮೂಲನಿವಾಸಿ ಜನ ಕೆಟಲ್ ಜಲಪಾತದ ಬಳಿ ಕಣ್ಣೀರಿನ ಸಮಾರಂಭವನ್ನು ಮಾಡಿದರು. 1938ರ ಮಿಚೆಲ್ ಕಾಯಿದೆಯು ಹ್ಯಾಚರಿಗಳಿಗೆ ಹಣ ಒದಗಿಸಿತು. ಹೊಳೆ ಹೋದರೇನು, ಹ್ಯಾಚರಿ ಇದೆಯಲ್ಲ ಎಂಬುದು ಆ ಕಾಲದ ತರ್ಕ.

ಈ ತರ್ಕಕ್ಕೆ ಬೆಲೆ ತೆತ್ತವರು ಬೆಸ್ತರು. ಒಂದು ಕಾಲಕ್ಕೆ ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಸಾಲ್ಮನ್ ಮರಳುತ್ತಿದ್ದಿರಬಹುದೆಂದು ಅಂದಾಜಿಸಲಾಗಿರುವ ಕೊಲಂಬಿಯಕ್ಕೆ, ಇಷ್ಟೊಂದು ಹ್ಯಾಚರಿಗಳ ದುಡಿಮೆಯ ನಂತರವೂ, ಈಚಿನ ದಶಕಗಳಲ್ಲಿ ಬರುವುದು ಅದರ ಒಂದು ಚಿಕ್ಕ ಪಾಲು. ಅದರಲ್ಲಿಯೂ ಹೆಚ್ಚಿನವು ಹ್ಯಾಚರಿಯವೇ. ಕಾರಣವನ್ನು ಹುಡುಕಿದವರಿಗೆ ಕಂಡುದು ಇದು: ತೊಟ್ಟಿಯಲ್ಲಿ ಬೆಳೆದ ಮರಿ ತೊಟ್ಟಿಗೆ ಒಗ್ಗುತ್ತದೆ. ನೆತ್ತಿಯ ಮೇಲಿನಿಂದ ತಿನಿಸು ಬೀಳುವ ಲೋಕದಲ್ಲಿ ನೆರಳು ಕಂಡರೆ ಓಡಿಬರುವುದು ಬುದ್ಧಿವಂತಿಕೆ. ಹೊಳೆಯಲ್ಲಿ ಅದೇ ಸಾವು, ಏಕೆಂದರೆ ಅಲ್ಲಿ ನೆರಳೆಂದರೆ ಹದ್ದು. ಆರೆಗಾನ್ ರಾಜ್ಯದ ಹುಡ್ ನದಿಯಲ್ಲಿ ಸಾಲ್ಮನ್ ಬಳಗದ ಸ್ಟೀಲ್‌ಹೆಡ್ ಮೀನನ್ನು ಕುರಿತು ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಹ್ಯಾಚರಿಯಲ್ಲಿ ಕಳೆದ ಪ್ರತಿಯೊಂದು ತಲೆಮಾರಿಗೂ, ಹೊಳೆಯಲ್ಲಿ ಸಂತಾನ ಬೆಳೆಸುವ ಶಕ್ತಿ ನೂರಕ್ಕೆ ನಲವತ್ತರಷ್ಟು ಕುಂದುತ್ತದೆ ಎಂದು ಅದು ಕಂಡುಕೊಂಡಿತು. ಎಲ್ಲ ಜಾತಿಗೂ ಇದೇ ಅಂಕಿ ಅನ್ವಯಿಸುತ್ತದೆಂದು ಹೇಳಲಾಗದು. ಆದರೆ ಎಚ್ಚರಿಕೆಗೆ ಇಷ್ಟು ಸಾಕು.

ಹಾಗಾದರೆ ಹ್ಯಾಚರಿಯೇ ಕೆಟ್ಟದ್ದೆ? ಹಾಗೆನ್ನುವವರು ಅಲಾಸ್ಕವನ್ನು ನೋಡಬೇಕು. ಅದರ ದಕ್ಷಿಣ ತೀರದಲ್ಲಿ ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ದೊಡ್ಡ ಕೊಲ್ಲಿಯಿದೆ; ಅದರ ಅಂಚಿನಲ್ಲಿ ಕಾರ್ಡೋವ ಎಂಬ ಬೆಸ್ತರ ಊರು. 1964ರ ಮಾರ್ಚ್ 27ರಂದು ಅಲ್ಲಿ ಭಯಂಕರ ಭೂಕಂಪವಾಯಿತು. ಗುಲಾಬಿ ಸಾಲ್ಮನ್ ಮೊಟ್ಟೆಯಿಡುವುದು ಹೆಚ್ಚಾಗಿ ಹೊಳೆ ಕಡಲನ್ನು ಸೇರುವ ಅಳಿವೆಯ ಹರಳಿನಲ್ಲಿ. ಎಷ್ಟೋ ಕಡೆ ನೆಲವೇ ಮೇಲೆದ್ದು ಆ ಸ್ಥಳಗಳು ಹಾಳಾದವು. ಅದರ ಮೇಲೆ ಕೆಲವು ಕಠಿಣ ಚಳಿಗಾಲಗಳು. 1970ರ ದಶಕದ ಆರಂಭದಲ್ಲಿ ಕೆಲವು ಋತುಗಳಲ್ಲಿ ಬಲೆ ಬೀಸಲು ಅಪ್ಪಣೆಯೇ ಸಿಗದಷ್ಟು ಮೀನು ಕಡಿಮೆಯಾಯಿತು. ಇಡೀ ಅಲಾಸ್ಕ ರಾಜ್ಯದಲ್ಲಿ 1973 ಮತ್ತು 1974ರಲ್ಲಿ ಸಿಕ್ಕಿದ್ದು ವರ್ಷಕ್ಕೆ ಸುಮಾರು 2.2 ಕೋಟಿ ಮೀನು. ಸಾಲದ ಮೇಲೆ ದೋಣಿ ಕೊಂಡವರ ಪಾಡನ್ನು ಊಹಿಸಿಕೊಳ್ಳಿ.

ಆಗ ಆ ರಾಜ್ಯ ಮಾಡಿದ ಎರಡು ಕೆಲಸಗಳು ನನಗೆ ಮುಖ್ಯವಾಗಿ ಕಾಣುತ್ತವೆ. ಒಂದು, 1973ರ ಕಾಯಿದೆಯಿಂದ ಬಲೆ ಬೀಸುವವರ ಸಂಖ್ಯೆಗೆ ಮಿತಿ ಹಾಕಿತು. ಇನ್ನೊಂದು, 1974ರಲ್ಲಿ, ಲಾಭದ ಉದ್ದೇಶವಿಲ್ಲದ ಸಂಘಗಳು ಹ್ಯಾಚರಿ ನಡೆಸಬಹುದೆಂದು ಕಾಯಿದೆ ಮಾಡಿತು. ಅದೇ ವರ್ಷ ಕಾರ್ಡೋವದ ಬೆಸ್ತರು ಕೂಡಿ ಸಂಘ ಕಟ್ಟಿದರು. ಪಾಳುಬಿದ್ದ ಡಬ್ಬಿ ಕಾರ್ಖಾನೆಯೊಂದನ್ನೇ ತಮ್ಮ ಮೊದಲ ಹ್ಯಾಚರಿಯಾಗಿ ಮಾರ್ಪಡಿಸಿದರು. ಡಬ್ಬಿ ಕಾರ್ಖಾನೆಯ ಕಟ್ಟಡದಲ್ಲಿ ಮರಿ ಮಾಡುವುದೆಂದರೆ ಒಂದು ಬಗೆಯ ಪ್ರಾಯಶ್ಚಿತ್ತವೆಂದು ನನಗೆ ತೋರುತ್ತದೆ. ಅವರು ಹಾಗೆಂದುಕೊಂಡಿದ್ದರೋ ಇಲ್ಲವೋ, ಕಟ್ಟಡ ಅಗ್ಗವಾಗಿ ಸಿಕ್ಕಿತ್ತು ಎಂಬುದೇ ಕಾರಣವಾಗಿದ್ದೀತು.

ಖರ್ಚು ತೂಗಿಸುವ ಕ್ರಮವನ್ನು ನಮ್ಮ ಸಹಕಾರಿ ಧುರೀಣರು ಗಮನಿಸಬೇಕು. ಆಯಾ ಪ್ರದೇಶದ ಪರವಾನಗಿದಾರ ಬೆಸ್ತರು ಮತ ಹಾಕಿ, ತಾವು ಮಾರಿದ ಮೀನಿನ ಬೆಲೆಯಲ್ಲಿ ನೂರಕ್ಕೆ ಒಂದರಿಂದ ಮೂರರವರೆಗೆ ತೆರಿಗೆಯನ್ನು ತಾವೇ ಹೇರಿಕೊಳ್ಳುತ್ತಾರೆ. ಅದು ಸಾಲದೆ ಬಂದಾಗ ಹ್ಯಾಚರಿಯ ಬಾಗಿಲಿಗೆ ಮರಳಿದ ಮೀನುಗಳಲ್ಲಿ ಒಂದು ಪಾಲನ್ನು ಸಂಘವೇ ಹಿಡಿದು ಮಾರುತ್ತದೆ. ಉಳಿದುದೆಲ್ಲ ಹೊರಗೆ ಕೊಲ್ಲಿಯಲ್ಲಿ ದೋಣಿಯವರಿಗೆ. ಯಾರ ದೋಣಿಗೆ ಎಷ್ಟು ಎಂಬುದು ಅವರವರ ಕೈಚಳಕ. ಅಲ್ಲಿ ಬಳಸುವ ಬಲೆ ನಮ್ಮ ಕರಾವಳಿಯವರಿಗೆ ಹೊಸದಲ್ಲ, ಪರ್ಸೀನ್. 1970ರ ದಶಕದಲ್ಲಿ ಅದು ಮಂಗಳೂರು, ಮಲ್ಪೆಗಳಿಗೆ ಬಂದು ರಂಪಣಿಯವರ ಅನ್ನವನ್ನು ಕಸಿದ ಕಥೆಯನ್ನು ಆ ಕಡೆಯ ಹಿರಿಯರು ಹೇಳಬಲ್ಲರು. ಬಲೆ ಒಂದೇ, ಎಷ್ಟು ಜನ, ಯಾವ ಕಟ್ಟಳೆಯಲ್ಲಿ ಬೀಸುತ್ತಾರೆ ಎಂಬುದರಲ್ಲಿ ಎಲ್ಲ ವ್ಯತ್ಯಾಸವಿದೆ.

ಫಲ ಕಣ್ಣಿಗೆ ಕಾಣುವಂತಿದೆ. ಅಲಾಸ್ಕದ ಹ್ಯಾಚರಿಗಳು ವರ್ಷಕ್ಕೆ 150 ಕೋಟಿಗೂ ಹೆಚ್ಚು ಮರಿಗಳನ್ನು ಕಡಲಿಗೆ ಬಿಡುವಷ್ಟು ಬೆಳೆದವು. 2013ರಲ್ಲಿ ಆ ರಾಜ್ಯದಲ್ಲಿ 27 ಕೋಟಿಗೂ ಮೀರಿ ಸಾಲ್ಮನ್ ಸಿಕ್ಕಿತು. ಅದರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಹ್ಯಾಚರಿಯದು. ಎಲ್ಲವನ್ನೂ ಹ್ಯಾಚರಿಯ ಖಾತೆಗೆ ಬರೆಯುವುದು ನ್ಯಾಯವಲ್ಲ. 1970ರ ದಶಕದ ಕೊನೆಯಿಂದ ಸಾಗರದ ಹವೆಯೂ ಮೀನಿಗೆ ಅನುಕೂಲವಾಗಿ ತಿರುಗಿತ್ತು. ಆದರೂ ಬೆಸ್ತರು ಹ್ಯಾಚರಿಯನ್ನು ಎಷ್ಟು ತಮ್ಮದೆಂದು ಬಗೆದಿದ್ದರೆಂಬುದಕ್ಕೆ ಒಂದು ಸಂಗತಿಯಿದೆ. 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಸ್ ಎಂಬ ಹಡಗು ಅದೇ ಕೊಲ್ಲಿಯ ಬಂಡೆಗೆ ಬಡಿದು ಕಚ್ಚಾ ತೈಲ ಹರಿಯಿತು. ಅದು ಮರಿಗಳನ್ನು ಕಡಲಿಗೆ ಬಿಡುವ ಕಾಲ. ಬೆಸ್ತರು ತಮ್ಮ ಸಣ್ಣ ದೋಣಿಗಳಲ್ಲಿ ಹೊರಟು, ಹ್ಯಾಚರಿಯಿದ್ದ ಕೊಲ್ಲಿಯ ಬಾಯಿಗೆ ತೇಲುವ ತಡೆಗಳನ್ನು ಕಟ್ಟಿ, ಹಗಲಿರುಳು ಎಣ್ಣೆಯನ್ನು ದೂರವಿಟ್ಟರು.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ನಾರ್ವೆ, ಚಿಲಿಗಳಲ್ಲಿ ಸಾಲ್ಮನ್‌ಗಳನ್ನು ಕಡಲಿನಲ್ಲಿ ಬಲೆಯ ಪಂಜರ ಕಟ್ಟಿ ಕೊನೆಯವರೆಗೂ ತಿನಿಸು ಹಾಕಿ ಸಾಕುತ್ತಾರೆ; ನಮ್ಮ ದೊಡ್ಡ ಹೋಟೆಲುಗಳಿಗೆ ಬರುವುದು ಹೆಚ್ಚಾಗಿ ಆ ಮೀನು. ಅದು ಕೋಳಿ ಸಾಕಣೆಯ ಹಾಗೆ. ಬೆಸ್ತನಿಗೆ ಅಲ್ಲಿ ಕೆಲಸವಿಲ್ಲ. ಅಲಾಸ್ಕ 1990ರಲ್ಲಿ ಅಂತಹ ಸಾಕಣೆಯನ್ನೇ ನಿಷೇಧಿಸಿತು. ಹ್ಯಾಚರಿಯ ಮರಿಯಾದರೋ ಕೆಲವು ವಾರ ತಿನಿಸು ತಿಂದು, ಉಳಿದ ಆಯುಸ್ಸನ್ನೆಲ್ಲ ಸ್ವತಂತ್ರವಾಗಿ ಕಡಲಿನಲ್ಲಿ ಕಳೆಯುತ್ತದೆ.

ಈಗ ಅಪಾಯದ ಮಾತು. ನಾಲ್ಕು ಮತ್ತು ನಲವತ್ತರ ಲೆಕ್ಕವನ್ನು ಮತ್ತೆ ನೆನೆಯಿರಿ. ಹೊಳೆಯ ಮೀನೂ ಹ್ಯಾಚರಿಯ ಮೀನೂ ಒಂದೇ ಕೊಲ್ಲಿಯಲ್ಲಿ ಬೆರೆತು ಈಜುತ್ತವೆ. ನಲವತ್ತರಲ್ಲಿ ಮೂವತ್ತೆಂಟನ್ನು ಎತ್ತುವ ಹುರುಪಿನಲ್ಲಿ ಬಲೆ ಬೀಸಿದರೆ, ನಾಲ್ಕರಲ್ಲಿ ಮೂರೋ ನಾಲ್ಕೋ ಅದರೊಡನೆ ಬಂದುಬಿಡುತ್ತವೆ. ಹೊಳೆಯ ವಂಶ ಸದ್ದಿಲ್ಲದೆ ಮುಗಿಯುತ್ತದೆ. ಅಂಕಿಯಲ್ಲಿ ಮಾತ್ರ ಸಮೃದ್ಧಿ. ಇದನ್ನು ತಪ್ಪಿಸಲು ಹ್ಯಾಚರಿಯ ಮೀನನ್ನು ಗುರುತಿಸಬೇಕು. ಚಿನೂಕ್ ಜಾತಿಗೆ ಬೆನ್ನ ಹಿಂಭಾಗದ ಪುಟ್ಟ ರೆಕ್ಕೆಯನ್ನು ಕತ್ತರಿಸಿ ಬಿಡುತ್ತಾರೆ. ಕೋಟಿಗಟ್ಟಲೆ ಗುಲಾಬಿ ಮರಿಗಳಿಗೆ ಅದು ಆಗದ ಕೆಲಸ. ಅವಕ್ಕೆ ಮಾಡುವ ಉಪಾಯ ಸೊಗಸಾಗಿದೆ: ಮೊಟ್ಟೆಯ ತಟ್ಟೆಗೆ ಹರಿಸುವ ನೀರನ್ನು ನಿಯತವಾಗಿ ಒಮ್ಮೆ ತುಸು ಬೆಚ್ಚಗೆ, ಒಮ್ಮೆ ತಣ್ಣಗೆ ಮಾಡುತ್ತಾರೆ. ಮರಿಯ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿ, ಮರದ ಕಾಂಡದ ಉಂಗುರಗಳಂತೆ, ಆ ಏರಿಳಿತ ಗೆರೆಯಾಗಿ ಉಳಿಯುತ್ತದೆ. ಹಿಡಿದ ಮೀನಿನ ಕಿವಿಗಲ್ಲನ್ನು ತೇಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಯಾವ ಹ್ಯಾಚರಿಯದೆಂದು ತಿಳಿಯುತ್ತದೆ. ಹೊಳೆಗೆ ಸಾಕಷ್ಟು ಮೀನು ಹತ್ತಿದೆಯೆ ಎಂದು ಎಣಿಸಿ, ಆಮೇಲೆ ಬಲೆಗೆ ಅಪ್ಪಣೆ ಕೊಡುವ ಕ್ರಮಕ್ಕೆ ಈ ಗುರುತು ಒತ್ತಾಸೆಯಾಗಿದೆ.

ಇಷ್ಟಾದರೂ ತಕರಾರು ಮುಗಿದಿಲ್ಲ. ಹ್ಯಾಚರಿಯ ಮೀನುಗಳಲ್ಲಿ ಕೆಲವು ದಾರಿ ತಪ್ಪಿ ಅಕ್ಕಪಕ್ಕದ ಕಾಡುಹೊಳೆಗಳನ್ನು ಹತ್ತಿ ಅಲ್ಲಿಯ ವಂಶದೊಡನೆ ಬೆರೆಯುವುದನ್ನು ಇದೇ ಕಿವಿಗಲ್ಲುಗಳು ತೋರಿಸಿಕೊಟ್ಟಿವೆ. ಇಷ್ಟು ಕೋಟಿ ಮರಿಗಳು ಒಮ್ಮೆಲೇ ಮೇಯಲು ಹೊರಟರೆ ಸಾಗರದ ಮೇವು ಇತರ ಜಾತಿಗಳಿಗೆ ಸಾಲುವುದೆ ಎಂಬುದು ಇನ್ನೊಂದು ಪ್ರಶ್ನೆ. ಈ ಬಗ್ಗೆ ವಿಜ್ಞಾನಿಗಳಲ್ಲಿ ಬಿರುಸಾದ ಚರ್ಚೆ ನಡೆದಿದೆ. 2016ರಲ್ಲಿ ಮರಿ ಬಿಟ್ಟದ್ದೇನೂ ಕಡಿಮೆಯಿರಲಿಲ್ಲ. ಆದರೆ ಅಲಾಸ್ಕದಲ್ಲಿ ಸಿಕ್ಕ ಗುಲಾಬಿ ಸಾಲ್ಮನ್ ನಿರೀಕ್ಷೆಯ ಅರ್ಧಕ್ಕಿಂತಲೂ ಕಡಿಮೆ. 2023ರಲ್ಲಿ ಮೀನು ಹೇರಳವಾಗಿ ಬಂತು, ಬೆಲೆ ಕುಸಿಯಿತು. ಹ್ಯಾಚರಿಯ ಮಾತು ನಡೆಯುವುದು ಮೊಟ್ಟೆಯಿಂದ ಮರಿಯವರೆಗೆ. ಅದರಾಚೆಗೆ ಕಡಲು, ಆಮೇಲೆ ಪೇಟೆ.

ನಮ್ಮ ದೇಶಕ್ಕೂ ಇದು ದೂರದ ಸಂಗತಿಯಲ್ಲ. ಗೆಂಡೆ ಜಾತಿಯ ಮೀನುಗಳಿಗೆ ಚುಚ್ಚುಮದ್ದು ಕೊಟ್ಟು ಮೊಟ್ಟೆಯಿಡಿಸುವುದನ್ನು 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಸಾಧಿಸಿದ ಮೇಲೆ ನಮ್ಮ ಕೆರೆಗಳಿಗೆ ಬಿತ್ತನೆ ಮರಿ ಸಿಗುವಂತಾಯಿತು. ಆದರೆ ಕೆರೆಗೆ ಏರಿಯಿದೆ. ಬಿಟ್ಟ ಮರಿ ಎಲ್ಲಿಗೂ ಹೋಗದು. ಸಾಲ್ಮನ್‌ಗೆ ಹೋಲಿಸಬಹುದಾದದ್ದು ಬಂಗಾಳಿಗಳ ಇಲಿಶ್, ಆಂಧ್ರದವರ ಪುಲಸ. ಅದೂ ಕಡಲಿನಿಂದ ನದಿಗೆ ಏರಿಬರುವ ಮೀನು. 1975ರಲ್ಲಿ ಗಂಗೆಗೆ ಫರಕ್ಕಾ ಬ್ಯಾರೇಜು ಅಡ್ಡವಾದ ಮೇಲೆ ಅಲಹಾಬಾದಿನವರೆಗೂ ಬರುತ್ತಿದ್ದ ಇಲಿಶ್ ಮೇಲ್ಗಂಗೆಯ ಬೆಸ್ತರಿಗೆ ಇಲ್ಲವಾಯಿತು. ಈಚೆಗೆ ಬ್ಯಾರೇಜಿನ ಕೆಳಗೆ ಹಿಡಿದ ಮೀನನ್ನು ಮೇಲಕ್ಕೆ ಸಾಗಿಸಿ ಬಿಡುವ ಪ್ರಯತ್ನ ನಡೆದಿದೆ.

ಸ್ಟೋನ್ ಹ್ಯಾಚರಿ ಕಟ್ಟಿದ ಮೆಕ್‌ಕ್ಲೌಡ್ ನದಿಯ ಕಥೆ ಮುಂದೇನಾಯಿತೆಂದು ಹೇಳದೆ ಬಿಟ್ಟೆ. 1940ರ ದಶಕದಲ್ಲಿ ಶಾಸ್ತಾ ಅಣೆಕಟ್ಟಿನ ಹಿನ್ನೀರು ಆ ಹ್ಯಾಚರಿಯ ಸ್ಥಳವನ್ನೂ ವಿಂಟು ಜನರ ಹಳ್ಳಿಗಳನ್ನೂ ಮುಳುಗಿಸಿತು. ಸಾಲ್ಮನ್ ಆ ನದಿಯಿಂದ ಮರೆಯಾಯಿತು. ಅಣೆಕಟ್ಟಿನ ಬುಡದಲ್ಲಿ ಈಗ ಇನ್ನೊಂದು ಹ್ಯಾಚರಿಯಿದೆ. ಅದಕ್ಕೆ ಸ್ಟೋನ್‌ನ ಹೆಸರನ್ನೇ ಇಟ್ಟಿದ್ದಾರೆ. ಕ್ಯಾಲಿಫೋರ್ನಿಯದ ಬೇರೆ ಹ್ಯಾಚರಿಗಳೂ ವರ್ಷಕ್ಕೆ ಕೋಟಿಗಟ್ಟಲೆ ಚಿನೂಕ್ ಮರಿಗಳನ್ನು ಬಿಡುತ್ತವೆ. ಆದರೆ ಬರಗಾಲದಲ್ಲಿ ನದಿಗಳು ಬತ್ತಿ ಬಿಸಿಯಾದ ಮೇಲೆ, 2023, 2024, 2025 ಈ ಮೂರು ವರ್ಷವೂ ಆ ರಾಜ್ಯದ ಕಡಲಿನಲ್ಲಿ ಸಾಲ್ಮನ್ ಹಿಡಿಯುವ ಕಸುಬನ್ನೇ ಮುಚ್ಚಬೇಕಾಯಿತು. ಇದರ ನಡುವೆ 2022ರ ಬೇಸಿಗೆಯಲ್ಲಿ, ವಿನೆಮೆಮ್ ವಿಂಟು ಜನರೂ ಸರ್ಕಾರದ ಮೀನು ಇಲಾಖೆಗಳೂ ಕೂಡಿ, ಸ್ಟೋನ್ ಹೆಸರಿನ ಹ್ಯಾಚರಿಯಿಂದ ನಲವತ್ತು ಸಾವಿರದಷ್ಟು ಚಿನೂಕ್ ಮೊಟ್ಟೆಗಳನ್ನು ಮೆಕ್‌ಕ್ಲೌಡ್ ದಂಡೆಗೆ ಒಯ್ದು, ನದಿಯ ನೀರಿನಲ್ಲಿಯೇ ಮರಿ ಮಾಡಿ ನದಿಗೆ ಬಿಟ್ಟರು. ಮರಿಗಳು ಚೆನ್ನಾಗಿ ಬೆಳೆದವು. ಕಡಲಿನ ಕಡೆಗೆ ಹೊರಟಾಗ, ಅಣೆಕಟ್ಟನ್ನು ದಾಟಿಸುವ ದಾರಿಯಿಲ್ಲದ್ದರಿಂದ, ಸಿಕ್ಕಷ್ಟನ್ನು ಹಿಡಿದು, ವಾಹನದಲ್ಲಿ ಸಾಗಿಸಿ, ಕೆಳಗಿನ ಸ್ಯಾಕ್ರಮೆಂಟೊ ನದಿಯಲ್ಲಿ ಬಿಡಬೇಕಾಯಿತು.